ಮೂರು ನಾಲಗೆಯ ಕರು, ಹದಿನಾರು ಪುಟ

ಇಂಗ್ಲೆಂಡಿನ ಹ್ಯಾಂಪ್‌ಶೈರ್ ಸೀಮೆಯ ಲಿಮಿಂಗ್ಟನ್ನಿನಲ್ಲಿ ಒಬ್ಬ ಕಟುಕ. ಹಿಂದಿನ ವರ್ಷ ಕಂದು ಹಾಕಿದ್ದ ಹಸುವೊಂದನ್ನು, ಬೇಗ ಮೈಗೂಡಲಿ ಎಂದು ಹೋರಿಗೆ ಬಿಟ್ಟಿದ್ದ. ಕೊಬ್ಬಿದ ಮೇಲೆ ಕೊಯ್ದ. ಗರ್ಭಚೀಲ ನಂಬಲಾಗದಷ್ಟು ಭಾರವಾಗಿತ್ತು. ಸೀಳಿ ನೋಡಿದರೆ ಒಳಗೆ ಆಗಷ್ಟೇ ಕೂದಲು ಮೂಡುತ್ತಿದ್ದ ಕರು. ಹಿಂಗಾಲುಗಳಲ್ಲಿ ಕೀಲೇ ಇಲ್ಲ. ಬಾಯಲ್ಲಿ ಮೂರು ನಾಲಗೆ, ನಡುವೆ ಒಂದು, ಅತ್ತಿತ್ತ ಒಂದೊಂದು. ಎದೆಯ ಎಲುಬು ಇರಬೇಕಾದಲ್ಲಿ ಅಪ್ಪಟ ಕಲ್ಲು. ಮುಂಗಾಲು ಹಿಂಗಾಲುಗಳ ನಡುವೆ ಇನ್ನೊಂದು ದೊಡ್ಡ ಕಲ್ಲು. ಕರು ಅದರ ಮೇಲೆ ಸವಾರಿ ಕೂತ ಹಾಗಿತ್ತು. ಆ ಕಲ್ಲನ್ನು ತೂಗಿದರೆ ಇಪ್ಪತ್ತೂವರೆ ಪೌಂಡು, ಎಂದರೆ ನಮ್ಮ ಲೆಕ್ಕದಲ್ಲಿ 9 ಕಿಲೋ ಮೀರಿತು.

ಊರ ಜಾತ್ರೆಯಲ್ಲಿ ಡೇರೆ ಹೊಡೆದು, ತಮಟೆ ಬಾರಿಸಿ, ತಲೆಗಿಷ್ಟು ಕಾಸು ಎಂದು ತೋರಿಸುವ ಸರಕು ಇದು. ಆದರೆ ಈ ವರದಿ ಅಚ್ಚಾದದ್ದು 1665ರ ಮಾರ್ಚ್ 6ನೇ ತಾರೀಖು ಸೋಮವಾರ ಲಂಡನ್ನಿನಲ್ಲಿ ಹೊರಟ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಹೊಸ ಮಾಸಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಅದು ಇಂದಿಗೂ ಹೊರಡುತ್ತಿದೆ. ವಿಜ್ಞಾನಕ್ಕೆಂದೇ ಹುಟ್ಟಿದ ಪತ್ರಿಕೆಗಳಲ್ಲಿ ಇದಕ್ಕಿಂತ ಹಳೆಯದು ಇನ್ನೊಂದಿಲ್ಲ. ಮೊದಲ ಸಂಚಿಕೆಗೆ ಇದ್ದದ್ದು ಹದಿನಾರೇ ಪುಟ. ಆ ಹದಿನಾರು ಪುಟಗಳಲ್ಲಿ ಕರುವಿನ ಅಕ್ಕಪಕ್ಕ ಯಾರ್‍ಯಾರಿದ್ದರು ನೋಡಿ: ರೋಮಿನಲ್ಲಿ ತಯಾರಾದ ದೂರದರ್ಶಕದ ಗಾಜುಗಳು, ಗುರುಗ್ರಹದ ಮೇಲಿನ ಚುಕ್ಕೆ, ಹೊಸ ಧೂಮಕೇತು ಮುಂದೆ ಹಿಡಿಯಲಿರುವ ಹಾದಿ, ಚಳಿಯ ಬಗ್ಗೆ ರಾಬರ್ಟ್ ಬಾಯ್ಲ್ ಮಾಡಿದ ಪ್ರಯೋಗಗಳು, ಜರ್ಮನಿಯ ಒಂದು ಬಗೆಯ ಸೀಸದ ಅದಿರು, ಹಂಗೇರಿಯ ಔಷಧಿಮಣ್ಣು, ಬರ್ಮುಡಾದ ಕಡಲಲ್ಲಿ ತಿಮಿಂಗಿಲದ ಬೇಟೆ, ಹಡಗಿನ ಮೇಲೆ ಲೋಲಕದ ಗಡಿಯಾರ, ಎರಡು ತಿಂಗಳ ಹಿಂದೆ ತೀರಿಕೊಂಡಿದ್ದ ಫ್ರೆಂಚ್ ಗಣಿತಜ್ಞ ಫರ್ಮಾನ ಗುಣಗಾನ.

ಇವತ್ತು ಯಾವುದೇ ಹೊಸ ಪತ್ರಿಕೆ ತಾನು ‘ಅಂತರ್‌ಶಿಸ್ತೀಯ’ ಎಂದು ಹಲಗೆ ಹಾಕಿಕೊಂಡೇ ಅಂಗಡಿ ತೆರೆಯುತ್ತದೆ. 1665ರಲ್ಲಿ ಆ ಹಲಗೆ ಬೇಕಿರಲಿಲ್ಲ, ಏಕೆಂದರೆ ಶಿಸ್ತುಗಳ ನಡುವೆ ಗೋಡೆಯೇ ಎದ್ದಿರಲಿಲ್ಲ. ಗ್ರಹ ನೋಡುವವನೇ ಹೇನನ್ನೂ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಿದ್ದ. ‘ಸೈಂಟಿಸ್ಟ್’ ಎಂಬ ಮಾತನ್ನು ವಿಲಿಯಂ ಹ್ಯೂಯೆಲ್ ಟಂಕಿಸಿದ್ದು 1830ರ ದಶಕದಲ್ಲಿ. ಪತ್ರಿಕೆಯ ಹೆಸರಿನ ‘ಫಿಲಾಸಫಿ’ ನಮ್ಮ ವೇದಾಂತದ ತತ್ತ್ವಶಾಸ್ತ್ರವಲ್ಲ, ಪ್ರಕೃತಿಯ ತತ್ತ್ವ. ಇನ್ನು ‘ಟ್ರಾನ್ಸಾಕ್ಷನ್’ ಎಂದರೆ ಕೊಟ್ಟು ಕೊಳ್ಳುವುದು, ವಹಿವಾಟು. ನನಗೆ ಈ ಎರಡನೆಯ ಮಾತೇ ಹೆಚ್ಚು ನಿಜ ಅನ್ನಿಸುತ್ತದೆ. ಆ ಪತ್ರಿಕೆ ಹುಟ್ಟಿದ್ದು ಒಬ್ಬ ಮನುಷ್ಯನ ಅಂಚೆಯ ವಹಿವಾಟಿನಿಂದ. ಮತ್ತು ಸ್ವಲ್ಪ ಮಟ್ಟಿಗೆ, ಅವನ ಹೊಟ್ಟೆಪಾಡಿನಿಂದ.

ಅವನ ಹೆಸರು ಹೆನ್ರಿ ಓಲ್ಡನ್‌ಬರ್ಗ್. ಹುಟ್ಟಿದ್ದು ಜರ್ಮನಿಯ ಬ್ರೆಮೆನ್ ಪಟ್ಟಣದಲ್ಲಿ. 1653ರಲ್ಲಿ ಆ ಪಟ್ಟಣದ ರಾಯಭಾರಿಯಾಗಿ, ಕ್ರಾಮ್‌ವೆಲ್‌ನೊಂದಿಗೆ ಮಾತುಕತೆಗೆಂದು ಲಂಡನ್ನಿಗೆ ಬಂದ. ಬಂದವನು ಇಂಗ್ಲೆಂಡಿನವನೇ ಆಗಿಹೋದ. ಸಿರಿವಂತರ ಮನೆಯ ಹುಡುಗರಿಗೆ ಪಾಠ ಹೇಳಿಕೊಂಡು, ಬಾಯ್ಲನ ಸೋದರಳಿಯನನ್ನು ಯುರೋಪು ಸುತ್ತಿಸಿಕೊಂಡು ಬಂದ. ಹೋದ ಕಡೆಯೆಲ್ಲ ಪಂಡಿತರ ಮನೆ ಬಾಗಿಲು ತಟ್ಟಿದ, ಪರಿಚಯ ಬೆಳೆಸಿದ. 1661ರಲ್ಲಿ ಹಾಲೆಂಡಿನ ರೈನ್ಸ್‌ಬರ್ಗ್ ಎಂಬ ಹಳ್ಳಿಗೆ ಹೋಗಿ, ಗಾಜು ಉಜ್ಜಿ ಬದುಕುತ್ತಿದ್ದ ಸ್ಪಿನೋಜನನ್ನೂ ಕಂಡುಬಂದ. ಲ್ಯಾಟಿನ್, ಫ್ರೆಂಚ್, ಜರ್ಮನ್, ಡಚ್, ಇಟಾಲಿಯನ್, ಇಂಗ್ಲಿಷ್ ಎಲ್ಲವೂ ಬಲ್ಲವನು. ಸ್ವಂತ ಶೋಧ ಅಂತ ಒಂದೂ ಇಲ್ಲ. ಆದರೆ ಕಾಗದ ಬರೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

1660ರ ನವೆಂಬರಿನಲ್ಲಿ ಲಂಡನ್ನಿನ ಗ್ರೆಷಮ್ ಕಾಲೇಜಿನಲ್ಲಿ ಹನ್ನೆರಡು ಜನ ಸೇರಿ ಶುರುಮಾಡಿದ ಕೂಟ ಮುಂದೆ ರಾಜನ ಸನ್ನದು ಪಡೆದು ರಾಯಲ್ ಸೊಸೈಟಿ ಆಯಿತು. ಓಲ್ಡನ್‌ಬರ್ಗ್ ಅದರ ಇಬ್ಬರು ಕಾರ್ಯದರ್ಶಿಗಳಲ್ಲಿ ಒಬ್ಬನಾದ. ರಾಜ ಕೊಟ್ಟದ್ದು ಹೆಸರು ಮತ್ತು ಒಂದು ಬೆಳ್ಳಿ ಗದೆ, ಹಣವಲ್ಲ. ಕಾರ್ಯದರ್ಶಿಗೆ ಸಂಬಳವಿರಲಿಲ್ಲ. ವಾರವಾರ ಸಭೆಗೆ ಹೋಗಬೇಕು, ಟಿಪ್ಪಣಿ ಬರೆದುಕೊಳ್ಳಬೇಕು, ಅದನ್ನು ಒಪ್ಪವಾಗಿ ಪುಸ್ತಕಕ್ಕಿಳಿಸಬೇಕು, ಪ್ಯಾರಿಸ್ಸಿನಿಂದ ಡ್ಯಾನ್ಜಿಗ್‌ವರೆಗೆ ಹತ್ತಾರು ಜನರಿಗೆ ಉತ್ತರಿಸಬೇಕು. ಅಂಚೆಯ ಖರ್ಚೂ ಮೈಮೇಲೆ. ನಮ್ಮಲ್ಲಿ ಸಂಘಗಳ ‘ಗೌರವ ಕಾರ್ಯದರ್ಶಿ’ಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಕೆಲಸವೂ ಅವರದು, ಗೌರವ ಮಾತ್ರ ಅಧ್ಯಕ್ಷರದು.

ಅಷ್ಟರಲ್ಲಿ ಪ್ಯಾರಿಸ್ಸಿನಿಂದ ಒಂದು ಸುದ್ದಿ ಬಂತು. ಅಲ್ಲಿ ಡೆನಿ ದ ಸಾಲೊ ಎಂಬ ನ್ಯಾಯಾಧಿಕಾರಿ ಬೇರೆ ಹೆಸರಿಟ್ಟುಕೊಂಡು 1665ರ ಜನವರಿ 5ರಂದು ‘ಜುರ್ನಾಲ್ ದೆ ಸಾವಾಂ’ ಎಂಬ ವಾರಪತ್ರಿಕೆ ಹೊರಡಿಸಿದ. ಹೊಸ ಪುಸ್ತಕಗಳ ವಿಮರ್ಶೆಯೇ ಅದರ ಜೀವಾಳ, ಜೊತೆಗೆ ಕೋರ್ಟು ಚರ್ಚುಗಳ ವಿಷಯ, ನಡುನಡುವೆ ವಿಜ್ಞಾನ. ಲಂಡನ್ನಿನವರು ಅದನ್ನು ತರಿಸಿ ಸಭೆಯಲ್ಲಿ ಓದಿದರು. ಇಂಥದೇ ಒಂದನ್ನು ನಾವೂ ಮಾಡಬಹುದು, ಆದರೆ ಕಾನೂನು ಬೇಡ, ದೇವತಾಶಾಸ್ತ್ರ ಬೇಡ, ಬರಿಯ ಪ್ರಕೃತಿಯ ಸುದ್ದಿ ಸಾಕು ಎಂಬುದು ಓಲ್ಡನ್‌ಬರ್ಗನ ಲೆಕ್ಕ. ಮಾರ್ಚ್ 1ರಂದು ಸೊಸೈಟಿಯ ಮಂಡಳಿ ಅಪ್ಪಣೆ ಕೊಟ್ಟಿತು: ಓಲ್ಡನ್‌ಬರ್ಗ್ ಸಿದ್ಧಪಡಿಸಿದ ಈ ಕಾಗದಗಳು ಅಚ್ಚಾಗಲಿ, ಪ್ರತಿ ತಿಂಗಳ ಮೊದಲ ಸೋಮವಾರ, ಸಾಕಷ್ಟು ಸಾಮಗ್ರಿ ಇದ್ದರೆ, ಹೊರಡಲಿ, ಮಂಡಳಿಯ ಪರವಾನಗಿ ಇರಲಿ, ಅದಕ್ಕೆ ಮೊದಲು ಕೆಲವು ಸದಸ್ಯರು ಕಣ್ಣಾಡಿಸಲಿ. ಐದೇ ದಿನದಲ್ಲಿ ಸಂಚಿಕೆ ಕೈಗೆ ಬಂತು ಎಂದರೆ ಮೊಳೆ ಮೊದಲೇ ಜೋಡಿಸಿಟ್ಟಿದ್ದರು ಎಂದೇ ಅರ್ಥ.

ಕೆಲವು ಸದಸ್ಯರು ಕಣ್ಣಾಡಿಸಬೇಕೆಂಬ ಆ ಒಂದು ಮಾತನ್ನು ಹಿಡಿದು, ಇವತ್ತಿನ ‘ಪಿಯರ್ ರಿವ್ಯೂ’ ಅಲ್ಲೇ ಹುಟ್ಟಿತು ಎಂದು ಹೇಳುವವರಿದ್ದಾರೆ. ಅದು ಅತಿಯಾಯಿತು. ಆಗ ಅಚ್ಚಾಗುವ ಪ್ರತಿಯೊಂದಕ್ಕೂ ಸೆನ್ಸಾರಿನ ಪರವಾನಗಿ ಬೇಕಿತ್ತು. ರಾಜನ ಸನ್ನದಿನ ಬಲದಿಂದ ಆ ಅಧಿಕಾರ ಸೊಸೈಟಿಗೆ ಸಿಕ್ಕಿತ್ತು, ಅಷ್ಟೆ. ರಾಜನಿಗೋ ಧರ್ಮಕ್ಕೋ ತೊಂದರೆ ತರುವುದೇನೂ ಇಲ್ಲ ಎಂದು ನೋಡುವುದು ಒಂದು, ಈ ಲೆಕ್ಕ ಸರಿಯೇ ಎಂದು ತಿದ್ದುವುದು ಇನ್ನೊಂದು. ಲೇಖನಗಳನ್ನು ಪರಿಶೀಲಿಸಲು ಸೊಸೈಟಿ ಒಂದು ಸಮಿತಿ ಮಾಡಿ, ಪತ್ರಿಕೆಯ ಹೊಣೆಯನ್ನು ತಾನೇ ಹೊತ್ತದ್ದು 1752ರಲ್ಲಿ. ಅಲ್ಲಿಯವರೆಗೆ ಅದು ಕಾರ್ಯದರ್ಶಿಯ ಖಾಸಗಿ ವ್ಯವಹಾರ. ಲಾಭವಾದರೆ ಅವನದು, ನಷ್ಟವಾದರೂ ಅವನದೇ.

ಮೊದಲ ಸಂಚಿಕೆಯ ತಲೆಯ ಮೇಲೆ ವರ್ಷವನ್ನು 1664/5 ಎಂದು ಅಚ್ಚುಹಾಕಿದ್ದಾರೆ. ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಹಾಗಾಗಿ ಮಾರ್ಚ್ 6 ಎಂಬುದು ಹಳೆಯ ವರ್ಷಕ್ಕೂ ಸೇರುತ್ತಿತ್ತು, ಹೊಸದಕ್ಕೂ. ತಾರೀಖಿನ ವಿಷಯ ಇಲ್ಲಿ ಸುಮ್ಮನೆ ಎತ್ತಿದ್ದಲ್ಲ. ಗುರುಗ್ರಹದ ಚುಕ್ಕೆಯ ಟಿಪ್ಪಣಿ ನೋಡಿ. ಹದಿನೈದು ಸಾಲೂ ಇರಲಾರದ ಸುದ್ದಿ. ಸೊಸೈಟಿಯ ರಾಬರ್ಟ್ ಹುಕ್ ಮಹಾಶಯರು ಕೆಲವು ತಿಂಗಳ ಹಿಂದೆ ತಮ್ಮ ಸ್ನೇಹಿತರೊಬ್ಬರಿಗೆ ತಿಳಿಸಿದ್ದೇನೆಂದರೆ, 1664ರ ಮೇ 9ರಂದು ರಾತ್ರಿ ಸುಮಾರು 9 ಗಂಟೆಗೆ, ಹನ್ನೆರಡಡಿಯ ಒಳ್ಳೆಯ ದೂರದರ್ಶಕದಲ್ಲಿ, ಗುರುವಿನ ಮೂರು ಮಬ್ಬು ಪಟ್ಟಿಗಳಲ್ಲಿ ದೊಡ್ಡದರ ಮೇಲೆ ಒಂದು ಸಣ್ಣ ಚುಕ್ಕೆ ಕಂಡರು. ಎರಡು ಗಂಟೆಯೊಳಗೆ ಅದು ಪೂರ್ವದಿಂದ ಪಶ್ಚಿಮಕ್ಕೆ ಗ್ರಹದ ವ್ಯಾಸದ ಅರ್ಧದಷ್ಟು ಸರಿದಿತ್ತು.

ಇಷ್ಟೇ. ಆದರೆ ದಿನ, ಗಂಟೆ, ದೂರದರ್ಶಕದ ಉದ್ದ ಎಲ್ಲವೂ ಇದೆ. ಗ್ರಹ ತನ್ನ ಸುತ್ತ ತಿರುಗುತ್ತದೆ ಎಂಬ ದೊಡ್ಡ ಮಾತಿಗೆ ಇದು ಬೀಜ. ಅದನ್ನು ತಾನು ಮೊದಲು ನೋಡಿದೆ ಎಂದು ಇಟಲಿಯವನೊಬ್ಬ ನಾಳೆ ಹೇಳಿಕೊಂಡರೆ? ಆ ಕಾಲದಲ್ಲಿ ಶೋಧಕರು ಹೆದರುತ್ತಿದ್ದುದೇ ಇದಕ್ಕೆ. ಗೆಲಿಲಿಯೋ ಶನಿಗ್ರಹದಲ್ಲಿ ಕಂಡದ್ದನ್ನು ಅಕ್ಷರ ಕಲಸಿ ಒಗಟು ಮಾಡಿ ಕಳಿಸಿದ್ದ. ಹುಕ್ ಕೂಡ ಅಂಥ ಒಗಟುಗಳಲ್ಲಿ ನಿಸ್ಸೀಮ. ಹೇಳಿದರೆ ಕದ್ದುಕೊಂಡಾರು, ಹೇಳದಿದ್ದರೆ ಇನ್ನೊಬ್ಬ ಮೊದಲಿಗನಾದಾನು. ಓಲ್ಡನ್‌ಬರ್ಗ್ ಇವರಿಗೆ ಕೊಟ್ಟದ್ದು ಒಂದು ಸರಳ ಉಪಾಯ: ನನಗೆ ಬರೆದು ಕಳಿಸಿ, ನಾನು ತಾರೀಖು ಹಾಕಿ ಅಚ್ಚು ಮಾಡುತ್ತೇನೆ, ಆಮೇಲೆ ಅದು ನಿಮ್ಮದೇ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಕ್ಕೆ ಮೊಹರು ಒತ್ತಿದ ಹಾಗೆ. ಬಚ್ಚಿಡುವುದರಿಂದ ಸಿಗುತ್ತಿದ್ದ ಲಾಭ ಹೇಳುವುದರಿಂದ ಸಿಗುವಂತಾಯಿತು. ವಿಜ್ಞಾನಕ್ಕೆ ಅವನ ಕೊಡುಗೆ ಏನೆಂದು ಕೇಳಿದರೆ ನಾನು ಈ ಮೊಹರನ್ನೇ ತೋರಿಸುತ್ತೇನೆ.

ಅದೇ ಸಂಚಿಕೆಯ ಗಡಿಯಾರದ ಕತೆ ಇನ್ನೂ ಸ್ವಾರಸ್ಯದ್ದು. ನಡುಗಡಲಲ್ಲಿ ಹಡಗು ಪೂರ್ವಪಶ್ಚಿಮವಾಗಿ ಎಲ್ಲಿದೆ ಎಂದು ತಿಳಿಯಲು ಸರಿಯಾದ ಗಡಿಯಾರ ಬೇಕು. ಹಾಲೆಂಡಿನ ಹೈಗೆನ್ಸ್ ರೂಪಿಸಿದ ಲೋಲಕದ ಗಡಿಯಾರಗಳಲ್ಲಿ ಎರಡನ್ನು ಮೇಜರ್ ರಾಬರ್ಟ್ ಹೋಮ್ಸ್ ಎಂಬಾತ ಆಫ್ರಿಕಾದ ಗಿನಿ ತೀರಕ್ಕೆ ಒಯ್ದಿದ್ದ. ಹಿಂದಿರುಗುವಾಗ ನಡುನೀರಲ್ಲಿ ಕುಡಿಯುವ ನೀರಿಗೆ ತತ್ವಾರ. ಜೊತೆಗಿದ್ದ ಹಡಗುಗಳವರು ಬಾರ್ಬಡೋಸ್ ಕಡೆ ತಿರುಗೋಣ ಎಂದರು. ಎಲ್ಲರೂ ತಂತಮ್ಮ ಲೆಕ್ಕದ ಪುಸ್ತಕ ತಂದರು. ಒಬ್ಬರದೂ ಇನ್ನೊಬ್ಬರಿಗೆ ತಾಳೆಯಾಗಲಿಲ್ಲ. ಹೋಮ್ಸ್ ಮಾತ್ರ ತನ್ನ ಗಡಿಯಾರ ನಂಬಿ, ಕೇಪ್ ವರ್ಡಿಯ ಫುಯೆಗೊ ದ್ವೀಪ ಇಲ್ಲಿಂದ 30 ಲೀಗ್ ಅಷ್ಟೇ ಎಂದು ಹಟ ಹಿಡಿದ. ಮರುದಿನ ದ್ವೀಪ ಕಣ್ಣಿಗೆ ಬಿತ್ತು.

ಪತ್ರಿಕೆ ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ. ಹೇಳದೆ ಬಿಟ್ಟದ್ದು ಇದು: ಹೋಮ್ಸ್ ಗಿನಿ ತೀರಕ್ಕೆ ಹೋದದ್ದು ಗಡಿಯಾರ ನೋಡಲಿಕ್ಕಲ್ಲ. ಅಲ್ಲಿ ಡಚ್ಚರ ಕೋಟೆ, ಹಡಗುಗಳನ್ನು ಕಸಿದುಕೊಳ್ಳುತ್ತ ಓಡಾಡಿದ್ದ. ಅಪ್ಪಣೆ ಮೀರಿದ ಆಪಾದನೆಗಾಗಿ 1665ರ ಜನವರಿಯಲ್ಲಿ ಅವನನ್ನು ಲಂಡನ್ ಟವರಿನ ಸೆರೆಗೂ ಹಾಕಿದ್ದರು. ಅವನು ಹಚ್ಚಿದ ಕಿಡಿಯೂ ಸೇರಿ ಹೊತ್ತಿದ ಯುದ್ಧವನ್ನು ಇಂಗ್ಲೆಂಡ್ ಡಚ್ಚರ ಮೇಲೆ ಸಾರಿದ್ದು ಮಾರ್ಚ್ 4ರಂದು, ಪತ್ರಿಕೆ ಹೊರಬರುವ ಎರಡು ದಿನ ಮುಂಚೆ. ಡಚ್ಚನ ಗಡಿಯಾರ, ಡಚ್ಚರನ್ನು ದೋಚಿದ ಕಪ್ತಾನ, ಇಬ್ಬರನ್ನೂ ಒಂದೇ ಪುಟದಲ್ಲಿ ಕೂರಿಸಿದ ಜರ್ಮನ್ ಸಂಪಾದಕ. ಮೇಲಾಗಿ, ಹಡಗಿನ ಲೆಕ್ಕ ಹೋಮ್ಸ್ ಹೇಳಿದಷ್ಟು ಅಚ್ಚುಕಟ್ಟಾಗಿರಲಿಲ್ಲ ಎಂಬ ಮಾತು ಬೇಗನೆ ಎದ್ದಿತು. ಅದನ್ನು ವಿಚಾರಿಸಿಕೊಂಡು ಬಂದವನು ಡೈರಿ ಬರೆದು ಹೆಸರಾದ ಸ್ಯಾಮ್ಯುಯೆಲ್ ಪೆಪಿಸ್. ನೌಕಾಪಡೆಯ ಅಧಿಕಾರಿ, ಅದೇ ಫೆಬ್ರವರಿಯಲ್ಲಿ ಸೊಸೈಟಿಯ ಸದಸ್ಯನಾಗಿದ್ದ. ಮೊದಲ ಸಂಚಿಕೆಯಲ್ಲೇ ಹೀಗೆ ಒಂದು ಬಣ್ಣ ಕಟ್ಟಿದ ವರದಿ ನುಸುಳಿತ್ತು. ಸದಸ್ಯರ ಕಣ್ಣಾಡಿಸುವಿಕೆ ಎಷ್ಟರಮಟ್ಟಿಗಿನದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಏಪ್ರಿಲ್ 3ರ ಎರಡನೆಯ ಸಂಚಿಕೆಯಲ್ಲಿ ಹುಕ್‌ನ ‘ಮೈಕ್ರೋಗ್ರಾಫಿಯಾ’ ಪುಸ್ತಕದ ಪರಿಚಯ ಬಂತು. ಆ ಪುಸ್ತಕವನ್ನು ಜನವರಿಯಲ್ಲಿ ಕೊಂಡು ತಂದ ಪೆಪಿಸ್ ರಾತ್ರಿ ಎರಡು ಗಂಟೆಯವರೆಗೆ ಹಾಸಿಗೆಗೆ ಹೋಗದೆ ಓದಿದ್ದ. ಕರುವಿನ ಬಗ್ಗೆ ಮತ್ತಷ್ಟು ವಿವರವೂ ಎರಡನೆಯ ಸಂಚಿಕೆಯಲ್ಲೇ ಬಂತು, ಓದುಗರು ಬಿಟ್ಟಿರಲಿಕ್ಕಿಲ್ಲ. ಮೇ 8ರ ಸಂಚಿಕೆಯಲ್ಲಿ ವರ್ಜೀನಿಯಾದ ಬುಡುಬುಡಿಕೆ ಹಾವನ್ನು ಒಂದು ಸೊಪ್ಪಿನಿಂದ ಕೊಲ್ಲುವ ಬಗೆ. ಜೂನ್ 5ರದರಲ್ಲಿ ಪ್ಯಾರಿಸ್ಸಿನ ಖಗೋಳಜ್ಞ ಓಜೂ ಮತ್ತು ಹುಕ್ ನಡುವೆ ಗಾಜು ಉಜ್ಜುವ ಯಂತ್ರದ ಜಗಳ. ಇಂಥ ಯಂತ್ರವನ್ನು ಮಾಡಿ ನೋಡದೆ ಬರೀ ಬರೆದಿದ್ದೀರಿ ಎಂದು ಫ್ರೆಂಚನ ಆಕ್ಷೇಪ. ಹುಕ್ ಸುಮ್ಮನಿರುವ ಪೈಕಿಯಲ್ಲ. ಓಲ್ಡನ್‌ಬರ್ಗ್ ಇಬ್ಬರದನ್ನೂ ಅಚ್ಚು ಮಾಡಿದ. ಜಗಳ ಪತ್ರಿಕೆಗೆ ಒಳ್ಳೆಯದು ಎಂಬ ಸಂಪಾದಕರ ಗುಟ್ಟು ಅವನಿಗೆ ನಾಲ್ಕನೇ ತಿಂಗಳಿಗೇ ಹೊಳೆದಿತ್ತು.

ಪ್ಯಾರಿಸ್ಸಿನ ಅಣ್ಣ ಪತ್ರಿಕೆ ಅಷ್ಟು ಹೊತ್ತಿಗೆ ಬಾಗಿಲು ಹಾಕಿತ್ತು. ಪುಸ್ತಕಗಳನ್ನು ಮುಲಾಜಿಲ್ಲದೆ ವಿಮರ್ಶಿಸಿದ್ದು ಅಲ್ಲಿನ ದೊಡ್ಡವರಿಗೆ ಹಿಡಿಸದೆ, ಹದಿಮೂರು ವಾರಕ್ಕೇ ನಿಂತುಹೋಯಿತು. ಮರುವರ್ಷ ಜನವರಿಯಲ್ಲಿ ಬೇರೆ ಸಂಪಾದಕನ ಕೈಯಲ್ಲಿ ಮತ್ತೆ ಶುರುವಾಯಿತು. ಲಂಡನ್ನಿನ ತಮ್ಮನ ಕುತ್ತಿಗೆಗೆ ಬಂದ ಕುತ್ತು ಬೇರೆ.

ಜೂನ್ 7, ಮೈ ಬೇಯುವ ಬಿಸಿಲು. ಡ್ರೂರಿ ಲೇನ್‌ನಲ್ಲಿ ನಡೆದು ಹೋಗುತ್ತಿದ್ದ ಪೆಪಿಸ್‌ಗೆ ಎರಡು ಮೂರು ಮನೆಗಳ ಬಾಗಿಲ ಮೇಲೆ ಕೆಂಪು ಶಿಲುಬೆಯ ಗುರುತು ಕಂಡಿತು. ಕೆಳಗೆ, ದೇವರೇ ಕರುಣೆ ತೋರು ಎಂಬ ಬರಹ. ಪ್ಲೇಗು. ಒಳಗಿದ್ದವರನ್ನು ಒಳಗೇ ಕೂಡಿ ಬೀಗ ಹಾಕಿದ ಮನೆಗಳು ಅವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರು ಮೈಸೂರುಗಳಿಗೆ ಪ್ಲೇಗು ಬಂದಾಗ ಊರು ಬಿಟ್ಟು ಗುಡಿಸಲು ಹಾಕಿಕೊಂಡ ಕತೆಗಳನ್ನು ಅಜ್ಜಂದಿರ ಬಾಯಲ್ಲಿ ಕೇಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಲಂಡನ್ನಿನಲ್ಲೂ ಉಳ್ಳವರು ಮಾಡಿದ್ದು ಅದನ್ನೇ. ರಾಜ ಹೊರಟ, ಆಸ್ಥಾನ ಹೊರಟಿತು, ವೈದ್ಯರೂ ಪಾದ್ರಿಗಳೂ ಹೊರಟರು. ರಾಯಲ್ ಸೊಸೈಟಿ ಜೂನ್ 28ರಂದು ಸಭೆಗಳನ್ನು ನಿಲ್ಲಿಸಿತು. ಸದಸ್ಯರಾದ ಹುಕ್, ವಿಲ್ಕಿನ್ಸ್, ಪೆಟಿ ಮೂವರೂ ಸರ್ರೆಯ ಎಪ್ಸಮ್ ಬಳಿಯ ಬಂಗಲೆಗೆ ಹೋಗಿ ಅಲ್ಲೇ ಗಾಡಿ, ಗಾಳಿ, ಬಾವಿಗಳ ಪ್ರಯೋಗ ಹೂಡಿದರು. ಬಾಯ್ಲ್ ಆಕ್ಸ್‌ಫರ್ಡಿಗೆ ಹೋದ. ಕೇಂಬ್ರಿಜ್ ಖಾಲಿಯಾಯಿತು, ಐಸಾಕ್ ನ್ಯೂಟನ್ ಎಂಬ ಹೆಸರಿಲ್ಲದ ಹುಡುಗ ಊರಿಗೆ ಮರಳಿ ಅಮ್ಮನ ಮನೆಯಲ್ಲಿ ಕೂತ. ಅವನ ಹೆಸರು ಈ ಪತ್ರಿಕೆಯಲ್ಲಿ ಬರಲು ಇನ್ನೂ ಏಳು ವರ್ಷ ಬೇಕು.

ಓಲ್ಡನ್‌ಬರ್ಗ್ ಹೋಗಲಿಲ್ಲ. 1663ರಲ್ಲಿ ಕೈಹಿಡಿದ ಹೆಂಡತಿ 1665ರಲ್ಲೇ ತೀರಿಹೋಗಿದ್ದಳು. ಹೋಗಲು ಹಳ್ಳಿಮನೆ ಇರಲಿಲ್ಲ, ಹಣವೂ ಇರಲಿಲ್ಲ. ಇದ್ದದ್ದು ಪ್ಯಾಲ್ ಮ್ಯಾಲ್ ಬೀದಿಯ ಬಾಡಿಗೆ ಮನೆ, ಅದರ ತುಂಬ ಸೊಸೈಟಿಯ ಕಡತಗಳು. ಜುಲೈ 3ಕ್ಕೆ ಐದನೆಯ ಸಂಚಿಕೆ ತಂದ. ಅದರ ಕೊನೆಯಲ್ಲಿ ಓದುಗರಿಗೊಂದು ಸೂಚನೆ ಇದೆ: ಲಂಡನ್ನಿನ ಈಗಿನ ಸೋಂಕಿನಿಂದಾಗಿ ಪತ್ರವ್ಯವಹಾರಕ್ಕೂ ಸಭೆಗಳಿಗೂ ಅಡ್ಡಿ ಬಂದು, ಅಚ್ಚು ಕೆಲವು ಕಾಲ ನಿಲ್ಲಬಹುದು, ಆದರೂ ಮುಂದುವರಿಸಲು ಯತ್ನ ನಡೆಯುವುದು. ಪ್ಲೇಗಿನ ನಡುವೆ ಕೂತು ಬರೆದದ್ದು, ಆದರೆ ಅದರಲ್ಲಿ ಒಂದು ನಿಟ್ಟುಸಿರೂ ಇಲ್ಲ. ಅದೇ ದಿನಗಳಲ್ಲಿ ಬಾಯ್ಲನಿಗೆ ಬರೆದ ಕಾಗದ ಬೇರೆ ಕತೆ ಹೇಳುತ್ತದೆ. ತನಗೇನಾದರೂ ರೋಗ ತಗುಲಿದರೆ ಸೊಸೈಟಿಯ ಕಾಗದಪತ್ರ ನಾಶವಾಗಬಾರದು, ಅವನ್ನು ಬೇರೆಯಾಗಿ ಪೆಟ್ಟಿಗೆಯಲ್ಲಿಟ್ಟು, ಯಾರಿಗೆ ತಲುಪಬೇಕೆಂದು ಮೇಲೆ ಬರೆದಿಡುತ್ತೇನೆ ಎಂದು ಅವನ ಏರ್ಪಾಡು.

ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಸಂಚಿಕೆಗಳಿಲ್ಲ. ಸೆಪ್ಟೆಂಬರ್ 19ಕ್ಕೆ ಮುಗಿದ ಒಂದೇ ವಾರದಲ್ಲಿ ಪ್ಲೇಗಿಗೆ ಸತ್ತವರು, ಸರಕಾರಿ ಪಟ್ಟಿಯಂತೆ, 7,165. ಇಡೀ ವರ್ಷಕ್ಕೆ 68,596. ಪಟ್ಟಿಗೆ ಸೇರದವರು ಇನ್ನೆಷ್ಟೋ. ಅಚ್ಚುಕೂಟಗಳು, ಪುಸ್ತಕದಂಗಡಿಗಳು ಮುಚ್ಚಿದ್ದವು. ಓಲ್ಡನ್‌ಬರ್ಗನ ಲೇಖನಿ ಮಾತ್ರ ನಿಲ್ಲಲಿಲ್ಲ. ಶತ್ರುದೇಶದಲ್ಲಿದ್ದ ಸ್ಪಿನೋಜನಿಗೂ ಬರೆಯುತ್ತಲೇ ಇದ್ದ. ಯುದ್ಧ, ಪ್ಲೇಗುಗಳಿಂದ ಸದಸ್ಯರೆಲ್ಲ ಚದುರಿ ಹೋಗಿದ್ದಾರೆ, ಆದರೂ ಅಲ್ಲಲ್ಲೇ ತಮ್ಮ ಕೆಲಸ ನಡೆಸಿದ್ದಾರೆ ಎಂದು ತಿಳಿಸಿದ. ಇಂಥ ಕಾಗದಗಳ ಬೆಲೆ ಅವನು ಮುಂದೆ ತೆರಬೇಕಾಯಿತು. 1667ರ ಜೂನಿನಲ್ಲಿ, ಡಚ್ ನೌಕೆಗಳು ಥೇಮ್ಸ್ ಮುಖಕ್ಕೇ ನುಗ್ಗಿ ಇಂಗ್ಲಿಷರ ಮಾನ ಕಳೆದಾಗ, ಹೊರದೇಶಗಳಿಗೆ ಅಪಾಯಕಾರಿ ಮಾತು ಬರೆದನೆಂದು ಅವನನ್ನು ಟವರಿಗೆ ಹಾಕಿದರು. ಎರಡು ತಿಂಗಳು ಒಳಗಿದ್ದ.

ಆದರೆ ಅದು ಆಮೇಲಿನ ಮಾತು. 1665ರ ಶರತ್ಕಾಲದಲ್ಲಿ ಪತ್ರಿಕೆಯನ್ನು ಉಳಿಸಿದ್ದು ಆಕ್ಸ್‌ಫರ್ಡ್. ಆಸ್ಥಾನವೂ ಪಾರ್ಲಿಮೆಂಟೂ ಅಲ್ಲಿಗೇ ಹೋಗಿದ್ದವು. ಬಾಯ್ಲ್ ಅಲ್ಲಿದ್ದ, ಸೊಸೈಟಿಯ ಹಿರಿಯ ಸರ್ ರಾಬರ್ಟ್ ಮೊರೆ ಇದ್ದ. ಮೊರೆ ಅಲ್ಲಿನ ಪುಸ್ತಕ ವ್ಯಾಪಾರಿ ರಿಚರ್ಡ್ ಡೇವಿಸ್‌ನನ್ನು ಹಿಡಿದು ಒಪ್ಪಿಸಿದ. ಓಲ್ಡನ್‌ಬರ್ಗ್ ಸೋಂಕಿನ ಊರಿನಲ್ಲಿ ಕೂತು ಹಸ್ತಪ್ರತಿ ಸಿದ್ಧಪಡಿಸಿ ಅಂಚೆಯಲ್ಲಿ ಕಳಿಸುವುದು, ಅವರು ಅಲ್ಲಿ ಅಚ್ಚು ತಿದ್ದುವುದು. ನವೆಂಬರ್ 6ಕ್ಕೆ ಆರನೆಯ ಸಂಚಿಕೆ, ಡಿಸೆಂಬರ್ 4ಕ್ಕೆ ಏಳನೆಯದು, ಜನವರಿ 8ಕ್ಕೆ ಎಂಟನೆಯದು ಹೀಗೆ ಹೊರಬಂದವು. ಒಂದರಲ್ಲಿ ರಕ್ತನಾಳದೊಳಗೆ ರಕ್ತದ ಬದಲು ಹಾಲು ಕಂಡ ಸುದ್ದಿ. ಇನ್ನೊಂದರಲ್ಲಿ ದೂರದ ಪಯಣಕ್ಕೆ ಹೊರಟ ನಾವಿಕರಿಗೆ ಸೂಚನೆಗಳು: ದಿಕ್ಸೂಚಿ ಎಷ್ಟು ವಾಲುತ್ತದೆ, ಉಬ್ಬರವಿಳಿತ ಎಷ್ಟು, ಕಡಲ ಆಳ ಎಷ್ಟು, ಇವನ್ನೆಲ್ಲ ಬರೆದಿಟ್ಟುಕೊಂಡು ಬನ್ನಿ. ಮಾಲು ಖರ್ಚಾಗುತ್ತಿಲ್ಲ ಎಂದು ಡೇವಿಸ್ ಗೊಣಗಿದ. ವ್ಯಾಪಾರಿ ಗೊಣಗಿದ್ದರಲ್ಲಿ ತಪ್ಪೇನಿಲ್ಲ; ಕೊಳ್ಳುವ ಲಂಡನ್ನೇ ಬೀಗ ಹಾಕಿಕೊಂಡು ಕೂತಿತ್ತಲ್ಲ.

ನಾವಿಕರನ್ನು ಹೀಗೆ ಬಾತ್ಮೀದಾರರನ್ನಾಗಿ ಮಾಡಿಕೊಳ್ಳುವ ಚಟ ಬೆಳೆಯುತ್ತ ಹೋಗಿ, 1667ರಲ್ಲಿ ಸೂರತ್ತಿಗೂ ಪೂರ್ವದ ಇತರ ನಾಡುಗಳಿಗೂ ಒಂದು ಪ್ರಶ್ನಾವಳಿ ಪತ್ರಿಕೆಯಲ್ಲೇ ಅಚ್ಚಾಯಿತು. ಜಾವಾದ ಬಟಾವಿಯಾದಲ್ಲಿದ್ದ ಒಬ್ಬನಿಗೆ ಸೊಸೈಟಿ ಇಂಥದೇ ಪ್ರಶ್ನೆಗಳನ್ನು ಕಳಿಸಿತ್ತು. ಅಗೆದು ತೆಗೆದ ಜಾಗದಲ್ಲೇ ಮೂರುನಾಲ್ಕು ವರ್ಷಕ್ಕೆ ವಜ್ರ ಮತ್ತೆ ಬೆಳೆಯುತ್ತದಂತೆ, ಹೌದೇ ಎಂಬುದು ಅವುಗಳಲ್ಲೊಂದು. ಸೂರತ್ತಿನ ಕೈಕೆಳಗೆ ಆಗ ನಮ್ಮ ಕಾರವಾರದ ಇಂಗ್ಲಿಷ್ ಕೋಠಿಯೂ ಇತ್ತು, ಕಾಳುಮೆಣಸಿನ ವ್ಯಾಪಾರಕ್ಕೆ. 1665ರ ಫೆಬ್ರವರಿಯಲ್ಲಿ, ಲಂಡನ್ನಿನಲ್ಲಿ ಮೊದಲ ಸಂಚಿಕೆಯ ತಯಾರಿ ನಡೆದಿದ್ದಾಗ, ಬಸರೂರನ್ನು ಸೂರೆಗೈದು ಗೋಕರ್ಣದ ಮೇಲ್ಹಾಯ್ದು ಬಂದ ಶಿವಾಜಿ ಕಾರವಾರದ ಹೊರಗೆ ಬೀಡುಬಿಟ್ಟಿದ್ದ. ಕೋಠಿಯವರು 112 ಪೌಂಡು ತೆತ್ತು ಪಾರಾದರು. ವಜ್ರ ಬೆಳೆಯುವುದೋ ಇಲ್ಲವೋ ಎಂದು ನೋಡಿ ಬರೆಯುವ ಪುರಸೊತ್ತು ಅಲ್ಲಿ ಯಾರಿಗಿತ್ತೋ.

1666ರ ಫೆಬ್ರವರಿ 12ರ ಒಂಬತ್ತನೆಯ ಸಂಚಿಕೆಗೆ ಪತ್ರಿಕೆ ಲಂಡನ್ನಿಗೆ ಮರಳಿತು. ಮೊದಲ ವರ್ಷದ ಸಂಚಿಕೆಗಳಲ್ಲಿ ನನಗೆ ಹಿಡಿಸಿದ್ದು ಇದು. ಹಿಂದಿನ ಚಳಿಗಾಲದ ಧೂಮಕೇತುವಿನ ಬಗ್ಗೆ ಡ್ಯಾನ್ಜಿಗ್‌ನ ಹೆವೆಲಿಯಸ್‌ಗೂ ಪ್ಯಾರಿಸ್ಸಿನ ಓಜೂಗೂ ತಕರಾರು. ಫೆಬ್ರವರಿಯ ಒಂದು ರಾತ್ರಿ ಅದು ಮೇಷರಾಶಿಯ ಮೊದಲ ನಕ್ಷತ್ರದ ಪಕ್ಕಕ್ಕೇ ಬಂದಿತ್ತು ಎಂದು ಹೆವೆಲಿಯಸ್. ಅಲ್ಲಿಗೆ ಬರಲೇ ಇಲ್ಲ, ಮೇಷದ ಎಡಗೊಂಬಿನ ನಕ್ಷತ್ರದ ಬಳಿ ಹಾದುಹೋಯಿತು ಎಂದು ಓಜೂ. ಹೆವೆಲಿಯಸ್ ಸಾಮಾನ್ಯನಲ್ಲ, ಚಂದ್ರನ ನಕ್ಷೆ ಬರೆದವನು, ಬರಿಗಣ್ಣಿನಿಂದ ನಕ್ಷತ್ರ ಅಳೆಯುವುದರಲ್ಲಿ ಯುರೋಪಿಗೇ ದೊಡ್ಡವನು, ಮೇಲಾಗಿ ಓಲ್ಡನ್‌ಬರ್ಗನ ಹಳೆಯ ಕಾಗದದ ಗೆಳೆಯ, ಸೊಸೈಟಿಯ ಸದಸ್ಯ. ಇಂಗ್ಲೆಂಡಿನ ಖಗೋಳಜ್ಞರು ತಮ್ಮ ಲೆಕ್ಕ, ಬೇರೆಯವರ ಲೆಕ್ಕ ಎಲ್ಲ ತೆಗೆದು ನೋಡಿದರು. ತೀರ್ಪು ಓಜೂ ಕಡೆಗಾಯಿತು. ಆದರೆ ಅದನ್ನು ಹೇಳಿದ ರೀತಿ ನೋಡಿ: ಆ ನಕ್ಷತ್ರದ ಬಳಿ ಹೆವೆಲಿಯಸ್‌ಗೆ ಕಂಡದ್ದು ಏನೇ ಇರಲಿ, ಧೂಮಕೇತುವಂತೂ ಅಲ್ಲಿಗೆ ಬಂದಿರಲಿಲ್ಲ. ಮನೆಗೆ ಬಂದ ಹಿರಿಯರನ್ನು ನೀವು ಸುಳ್ಳು ಹೇಳಿದಿರಿ ಎನ್ನಲಾಗದೆ, ತಮಗೆ ಹಾಗೆ ಕಂಡಿರಬೇಕು ಎನ್ನುವ ಪರಿ. ಹೆವೆಲಿಯಸ್ ಒಪ್ಪಲಿಲ್ಲ, ಕಾಗದ ಬರೆಯುವುದನ್ನೂ ಬಿಡಲಿಲ್ಲ.

ಹಣದ ಮಾತು ಬಾಕಿ ಇದೆ. ಪತ್ರಿಕೆಯಿಂದ ಜೀವನ ಸಾಗೀತು ಎಂದು ಓಲ್ಡನ್‌ಬರ್ಗ್ ನಂಬಿದ್ದ. ಅದರಿಂದ ವರ್ಷಕ್ಕೆ 40 ಪೌಂಡಿಗಿಂತ ಹೆಚ್ಚು ಕೈಗೆ ಬಂದದ್ದಿಲ್ಲ ಎಂದು ಅವನೇ ಮುಂದೆ ಹೇಳಿಕೊಂಡ. ಪ್ಯಾಲ್ ಮ್ಯಾಲ್ ಮನೆಯ ಬಾಡಿಗೆಗೆ ಅದು ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಸೊಸೈಟಿ ಅವನಿಗೆ ಸಂಬಳ ಗೊತ್ತುಮಾಡಿದ್ದು 1669ರಲ್ಲಿ. ಅದೂ ಅದೇ 40 ಪೌಂಡು. 1677ರ ಸೆಪ್ಟೆಂಬರಿನಲ್ಲಿ ಸಾಯುವವರೆಗೂ ಅವನು ಪತ್ರಿಕೆ ನಡೆಸಿದ. ಇದು ನನ್ನ ಖಾಸಗಿ ಕೆಲಸ, ಸೊಸೈಟಿಯದಲ್ಲ ಎಂದು ನಡುವೆ ಪತ್ರಿಕೆಯಲ್ಲೇ ಪ್ರಕಟಣೆ ಕೊಡಬೇಕಾಯಿತು, ಓದುವವರು ಮಾತ್ರ ಅದನ್ನು ಸೊಸೈಟಿಯದೆಂದೇ ಓದಿದರು.

1665 ಮತ್ತು 1666ರ ಇಪ್ಪತ್ತೆರಡು ಸಂಚಿಕೆಗಳನ್ನು ಒಟ್ಟುಗೂಡಿಸಿ ಮೊದಲ ಸಂಪುಟ ಮಾಡುವಾಗ ಅದಕ್ಕೊಂದು ಮುಖಪುಟ ಅಚ್ಚುಹಾಕಿದರು. ಪ್ರಕಾಶಕರು ಮೊದಲಿನವರೇ, ಜಾನ್ ಮಾರ್ಟಿನ್ ಮತ್ತು ಜೇಮ್ಸ್ ಅಲೆಸ್ಟ್ರಿ. ಪತ್ರಿಕೆ ಶುರುವಾದಾಗ ಅವರ ಅಂಗಡಿ ಇದ್ದದ್ದು ಸೇಂಟ್ ಪಾಲ್ ಚರ್ಚಿನ ಅಂಗಳದಲ್ಲಿ, ‘ಗಂಟೆ’ ಚಿತ್ರದ ಹಲಗೆಯ ಕೆಳಗೆ. ಲಂಡನ್ನಿನ ಪುಸ್ತಕ ವ್ಯಾಪಾರವೆಲ್ಲ ಆ ಅಂಗಳದ್ದೇ. 1666ರ ಸೆಪ್ಟೆಂಬರ್ 2ರಂದು ಹೊತ್ತಿಕೊಂಡ ಬೆಂಕಿ ಪಟ್ಟಣವನ್ನು ನುಂಗುತ್ತ ಬಂದಾಗ ವ್ಯಾಪಾರಿಗಳು ತಮ್ಮ ಮಾಲನ್ನು ಚರ್ಚಿನ ನೆಲಮಾಳಿಗೆಗೆ ಸಾಗಿಸಿ ಬಾಗಿಲು ಭದ್ರಪಡಿಸಿದರು. ಚಾವಣಿ ಕುಸಿದು ನೆಲಮಾಳಿಗೆಯೂ ಹೊತ್ತಿತು. ಒಂದೂವರೆ ಲಕ್ಷ ಪೌಂಡಿನ ಪುಸ್ತಕಗಳು ಸುಟ್ಟವೆಂದು ಪೆಪಿಸ್ ಕೇಳಿ ಬರೆದಿದ್ದಾನೆ.

ಸಂಪುಟದ ಮುಖಪುಟದಲ್ಲಿ ಬೆಂಕಿಯ ಮಾತಿಲ್ಲ. ಪ್ರಕಾಶಕರ ವಿಳಾಸ ಮಾತ್ರ ಬದಲಾಗಿದೆ. ಅಚ್ಚು: ಸವಾಯ್‌ನಲ್ಲಿ. ಮಾರ್ಟಿನ್: ಟೆಂಪಲ್ ಬಾರ್ ದಾಟಿ ಸ್ವಲ್ಪ ಹೊರಗೆ, ಗಂಟೆ ಚಿತ್ರದ ಹಲಗೆಯ ಕೆಳಗೆ. ಅಲೆಸ್ಟ್ರಿ: ಡಕ್ ಲೇನ್. ಮೂರೂ ಬೆಂಕಿ ಮುಟ್ಟದ ಜಾಗಗಳು.